ಐದೂಕಾಲು ಜನ

ಟೈಪ್ ಮೇಷ್ಟ್ರು ಜೀವಮಾನದಲ್ಲಿ ಸುಳ್ಳು ಲೆಕ್ಕ ಬರೆದವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದಿನ ಕಥೆ ಕೇಳಿದವರು ಅವರ ಮೇಲೆ ಇಲ್ಲದ ಅನುಮಾನ ಪಡುತ್ತಾರೆ. ಹಾಳೆಯ ಕೊನೆಯ ಸಾಲಿನಲ್ಲಿ ಒಂದು ಅಕ್ಷರ ತಪ್ಪಿದರೂ ಅವರು ಅಳಿಸುತ್ತಿರಲಿಲ್ಲ, ಹಾಳೆಯನ್ನೇ ಹರಿದು ಹೊಸದಾಗಿ ಹೊಡೆಯುತ್ತಿದ್ದರು. ಗಂಟೆ ಎಷ್ಟು ಅಂತ ಕೇಳಿದರೆ "ನಾಲ್ಕು ಹದಿಮೂರು" ಅನ್ನುವ ಮನುಷ್ಯ. "ಇವರಿಗೆ ಸುಮಾರು ಅನ್ನೋ ಪದವೇ ಬರಲ್ಲ" ಅಂತ ಅವರ ಹೆಂಡತಿ ಮದುವೆಯಾದ ವಾರದಲ್ಲೇ ತವರಿಗೆ ವರದಿ ಒಪ್ಪಿಸಿದ್ದರಂತೆ. ಇಂಥವರ ಒಂದು ಅಂಕಿ ಜಗತ್ತಿನ ಲೆಕ್ಕವನ್ನು ಕೆಡಿಸಿತು ಅಂದರೆ ನಂಬುವುದು ಕಷ್ಟ. ಆದರೆ ನಡೆದದ್ದು ಹಾಗೆಯೇ.

ಮೇಷ್ಟ್ರ ಮನೆಯ ಕೆಳಗೆ ಬೀದಿಗೆ ಮುಖ ಮಾಡಿದ ಒಂದು ಉದ್ದನೆಯ ಕೋಣೆ ಇದೆ. ಮೊದಲು ಅಲ್ಲಿ ಟೈಪಿಂಗ್ ಶಾಲೆ ಇತ್ತು. ಮಷಿನ್ನು ಎಂಟು, ಕಲಿಯುವವರು ಒಂದೊಂದು ಹೊತ್ತಿಗೆ ನಲವತ್ತು. ಮಷಿನ್ನು ಸಿಗದವರು ಸಿಕ್ಕವರ ಹಿಂದೆ ನಿಂತು, ಕುರ್ಚಿಯ ಬೆನ್ನಿನ ಮೇಲೆ ಬೆರಳಾಡಿಸುತ್ತ ಪಾಠ ಮಾಡಿಕೊಳ್ಳುತ್ತಿದ್ದರು. ಪರೀಕ್ಷೆಗೆ ಕೂರಬೇಕಾದರೆ ಇಷ್ಟು ದಿನ ಹಾಜರಿ ಇರಲೇಬೇಕು ಅಂತ ನಿಯಮ. ನಿಂತವರದ್ದು ಏನು ಮಾಡುವುದು? ಮೇಷ್ಟ್ರು ಒಂದು ರಾತ್ರಿ ಯೋಚಿಸಿ ತೀರ್ಪು ಕೊಟ್ಟರು: ಹೊಸ್ತಿಲು ದಾಟಿದವನು ಹಾಜರ್. ಕೂತವನೂ ಹಾಜರ್, ನಿಂತವನೂ ಹಾಜರ್. ಮೂರು ತಿಂಗಳು ಬರೀ ನಿಂತೇ ಕಲಿತ ಒಬ್ಬಳು ಮೊದಲ ದರ್ಜೆಯಲ್ಲಿ ಪಾಸಾದ ಮೇಲೆ ಈ ನಿಯಮವನ್ನು ಪ್ರಶ್ನಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಕಾಲ ಬದಲಾಯಿತು. ಟೈಪ್‌ರೈಟರ್‌ಗಳನ್ನು ತೂಕಕ್ಕೆ ಹಾಕಿ ಅವುಗಳ ಜಾಗದಲ್ಲಿ ಎಂಟು ಕಂಪ್ಯೂಟರ್ ತಂದು ಕೂರಿಸಿದರು. ಇದರ ಮೇಲೂ ಟೈಪಿಂಗೇ ಕಲಿಸುತ್ತೇನೆ ಅಂತ ಅವರ ಲೆಕ್ಕಾಚಾರ. ಬಂದವರು ಮಾತ್ರ ಬೆರಳಿಗೆ ಪಾಠ ಬೇಡ, ಗೇಮ್ ಹಾಕಿಕೊಡಿ ಅಂದರು. ಮೇಷ್ಟ್ರು ಒಂದು ತಿಂಗಳು ಸಿಟ್ಟು ಮಾಡಿದರು, ಎರಡನೇ ತಿಂಗಳು ಗೇಮ್ ಸೆಂಟರ್ ಅಂತ ಬೋರ್ಡು ಬದಲಿಸಿದರು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಮೇಷ್ಟ್ರದ್ದು ಕಲಿತ ಗುಣ, ಅದೂ ಹೋಗಲಿಲ್ಲ. ಗೇಮ್ ಸೆಂಟರಿನ ಬಾಗಿಲ ಬಳಿಯೂ ಹಾಜರಿ ಪುಸ್ತಕ ಇಟ್ಟುಕೊಂಡು ಕೂತರು. ಬಂದವನು ಆಡುತ್ತಾನೋ ನೋಡುತ್ತಾನೋ ಅದು ಅವನ ಹಣೆಬರಹ, ಹೊಸ್ತಿಲು ದಾಟಿದರೆ ಒಂದು ಗೀಟು ಬಿತ್ತು.

ಆರು ವರ್ಷ ಜಾತ್ರೆಯ ಹಾಗೆ ನಡೆದ ಸೆಂಟರು ಏಳನೇ ವರ್ಷ ಮುಚ್ಚಿತು. ಜನ ಮನೆಮನೆಗೆ ಕಂಪ್ಯೂಟರ್ ತಂದುಕೊಂಡರು. ಕೋಣೆಯನ್ನು ಪರದೆ ಹೊಲಿಯುವವನೊಬ್ಬನಿಗೆ ಬಾಡಿಗೆಗೆ ಕೊಟ್ಟರು. ಅವನು ಇಪ್ಪತ್ತು ವರ್ಷ ಹೊಲಿದು, ಹೋದ ತಿಂಗಳು ಮಷಿನ್ನು ಎತ್ತಿಕೊಂಡು ಮಗನ ಮನೆಗೆ ಹೋದ. ಅಲ್ಲಿಂದ ಮೇಷ್ಟ್ರಿಗೆ ಒಂದು ಹೊಸ ಚಾಳಿ ಅಂಟಿತು. ಬೆಳಗಿನ ಕಾಫಿ ಕುಡಿದು ಕೆಳಗಿಳಿದು, ಖಾಲಿ ಕೋಣೆಯ ಬಾಗಿಲು ತೆಗೆದು, ಮೂಲೆಯ ಸ್ಟೂಲಿನ ಮೇಲೆ ಊಟದ ಹೊತ್ತಿನವರೆಗೆ ಸುಮ್ಮನೆ ಕೂರುವುದು. "ಗಾಳಿ ಆಡಲಿ ಅಂತ ತೆಗೆದಿದ್ದೇನೆ" ಅನ್ನುತ್ತಿದ್ದರು ಕೇಳಿದವರಿಗೆ.

ಒಂದು ಭಾನುವಾರ ಮಧ್ಯಾಹ್ನ ಮಗಳು ಲ್ಯಾಪ್‌ಟಾಪ್ ಎತ್ತಿಕೊಂಡು ಅಪ್ಪನ ಪಕ್ಕ ಬಂದು ಕೂತಳು. ಮೂವತ್ತನಾಲ್ಕರ ಹೆಂಗಸು, ಆಸ್ಪತ್ರೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ರಕ್ತ ಪರೀಕ್ಷೆ ಮಾಡುವ ಕೆಲಸ. ಮಾತು ಕಡಿಮೆ, ಆಡಿದರೆ ತೂಕದ ಮಾತು. ಅವತ್ತು ಮಾತ್ರ ಮುಖದಲ್ಲಿ ಏನೋ ಕಳೆ.

"ಅಪ್ಪ, ಕೆಲಸ ಬಿಡ್ತಿದ್ದೀನಿ."

ಮೇಷ್ಟ್ರು ಪೇಪರು ಕೆಳಗಿಟ್ಟರು.

"ಕೆಳಗಡೆ ಗೇಮ್ ಸೆಂಟರ್ ಮತ್ತೆ ಶುರು ಮಾಡೋಣ. ನೀವು, ನಾನು. ಎಂಟು ಮಷಿನ್ನು, ಮೊದಲಿನ ಹಾಗೇನೇ. ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಬುಧವಾರ ಹಾಕ್ತಾರೆ. ಅಷ್ಟರಲ್ಲಿ ರಾಜೀನಾಮೆ ಕಾಗದ ಕೊಟ್ಟರೆ ತಿಂಗಳ ಕೊನೆಗೆ ಬಿಡುಗಡೆ."

"ನಿನಗೇನಾದ್ರೂ ತಲೆ..." ಅಂತ ಮೇಷ್ಟ್ರು ಶುರು ಮಾಡಿದರು. ಎದೆಯೊಳಗೆ ಏನೋ ಜಿಗಿದ ಹಾಗಾಯಿತು. ಅರವತ್ತೊಂಬತ್ತನೇ ವಯಸ್ಸಿನಲ್ಲಿ ಹಾಗೆಲ್ಲ ಜಿಗಿಯಬಾರದು ಅಂತ ಡಾಕ್ಟರು ಹೇಳಿದ್ದರು.

"ಈಗ ಯಾರು ಬರ್ತಾರೆ ಪುಟ್ಟಿ? ಎಲ್ಲರ ಕೈಯಲ್ಲೂ ಫೋನು."

"ಅದೇ ನೋಡಿ, ನಾನೂ ಹಾಗೇ ಅಂದ್ಕೊಂಡಿದ್ದೆ." ಅವಳು ಪರದೆಯನ್ನು ಅವರ ಕಡೆ ತಿರುಗಿಸಿದಳು. ಒಂದು ಗೆರೆ ಎಡಗಡೆ ನೆಲದ ಮೇಲೆ ಮಲಗಿ, ಬಲಗಡೆ ಬರುವಷ್ಟರಲ್ಲಿ ತೆಂಗಿನಮರ ಹತ್ತಿತ್ತು. "ಇದು ಇಡೀ ಜಗತ್ತಿನಲ್ಲಿ ಪಿಸಿ ಗೇಮ್ ಆಡೋರ ಲೆಕ್ಕ. ವರ್ಷದಿಂದ ವರ್ಷಕ್ಕೆ ಏರ್ತಾನೇ ಇದೆ. ಒಂದೇ ಕಡೆ ಅಲ್ಲ, ನಾಲ್ಕೈದು ಕಡೆ ಇದನ್ನೇ ಹಾಕಿದ್ದಾರೆ. ಆಡೋಕೆ ಜನ ಇದ್ದಾರಪ್ಪ, ಮಷಿನ್ನು ಸಾಲ್ತಿಲ್ಲ. ಒಂದೊಂದು ಕಂಪ್ಯೂಟರಿಗೆ ಐದು ಪಾಯಿಂಟ್ ಎರಡು ಐದು ಜನ."

"ಎಷ್ಟು?"

"ಐದೂಕಾಲು. ಎಷ್ಟು ನಿಖರವಾಗಿ ಕೊಟ್ಟಿದ್ದಾರೆ ನೋಡಿ. ಬಾಯಿಗೆ ಬಂದದ್ದು ಬರೆಯೋರಾಗಿದ್ರೆ ಐದು ಅಂದು ಕೈ ತೊಳ್ಕೊಳ್ತಿದ್ರು. ಅಂದ್ರೆ ನಮ್ಮ ಎಂಟು ಮಷಿನ್ನಿಗೆ ನಲವತ್ತೆರಡು ಜನ. ಕುರ್ಚಿ ಖಾಲಿನೇ ಇರಲ್ಲ."

ಮೇಷ್ಟ್ರಿಗೆ ಕೆಮ್ಮು ಬಂತು. ಒಳಗಿನಿಂದ ಹೆಂಡತಿ ನೀರು ತಂದುಕೊಟ್ಟರು. ಗುಟುಕು ಗುಟುಕಾಗಿ ಕುಡಿಯುತ್ತ ಅವರು ಆ ಅಂಕಿಯನ್ನೇ ನೋಡಿದರು. ಎಲ್ಲೋ ನೋಡಿದ ಮುಖ. ಗ್ಲಾಸು ಕೆಳಗಿಡುವಷ್ಟರಲ್ಲಿ ಗುರುತು ಸಿಕ್ಕಿತು.

ಸೆಂಟರಿನ ನಾಲ್ಕನೇ ವರ್ಷ. ಒಂದು ಮಧ್ಯಾಹ್ನ ಸರ್ವೆ ಮಾಡುವ ಹುಡುಗಿಯೊಬ್ಬಳು ಬಂದಿದ್ದಳು. ಕೈಯಲ್ಲಿ ಪ್ಯಾಡು, ಬಿಸಿಲಿಗೆ ಬಾಡಿದ ಮುಖ, ಸವೆದ ಚಪ್ಪಲಿ. ನಿಮ್ಮಲ್ಲಿ ಎಷ್ಟು ಮಷಿನ್ನು, ದಿನಕ್ಕೆ ಎಷ್ಟು ಜನ ಆಡುತ್ತಾರೆ ಅಂತ ಕೇಳಿದಳು. ಬೇರೆ ಅಂಗಡಿಯವರು "ಏನೋ ಬರ್ತಾರಮ್ಮ" ಅಂದು ಸಾಗಹಾಕಿದ್ದರಂತೆ. ಮೇಷ್ಟ್ರು ಮಾತ್ರ ಅವಳನ್ನು ಕೂರಿಸಿ, ನೀರು ಕೊಟ್ಟು, ಹಾಜರಿ ಪುಸ್ತಕ ತೆರೆದು, ಇಡೀ ತಿಂಗಳ ಗೀಟು ಕೂಡಿಸಿ, ದಿನಕ್ಕೆ ಭಾಗಿಸಿ ಕೊಟ್ಟಿದ್ದರು. ನಲವತ್ತೆರಡು. ಎಂಟರಿಂದ ಭಾಗಿಸಿದರೆ ಐದೂಕಾಲು. ಅವಳು ಐದು ಅಂತ ಬರೆಯಹೋದಾಗ ತಡೆದವರೂ ಅವರೇ. "ಅರ್ಧಂಬರ್ಧ ಬರೀಬೇಡಮ್ಮ. ಕಾಲು ಅಂದ್ರೆ ಕಾಲು. ಬರಿ." ಆರು ತಿಂಗಳ ಮೇಲೆ ಅಂಚೆಯಲ್ಲಿ ತೆಳ್ಳನೆಯ ಒಂದು ಪುಸ್ತಿಕೆ ಬಂದಿತ್ತು, ಒಳಗೆ ಅವರ ಅಂಕಿ ಅಚ್ಚಾಗಿತ್ತು. ಒಂದು ವಾರ ಬಂದವರಿಗೆಲ್ಲ ತೋರಿಸಿದ್ದರು.

"ಏನಪ್ಪ, ಏನು ಯೋಚ್ನೆ?" ಮಗಳು ಕೇಳಿದಳು.

"ಏನಿಲ್ಲ. ನೋಡೋಣ" ಅಂದರು ಮೇಷ್ಟ್ರು. ಸುಮಾರು ಅನ್ನುವ ಪದ ಬಾರದ ಬಾಯಿಂದ ಬಂದ ಮೊದಲ ಸುಮಾರು ಮಾತು ಅದು.

ಸೋಮವಾರ ಮಗಳು ಡ್ಯೂಟಿಗೆ ಹೋದ ಮೇಲೆ ಮೇಷ್ಟ್ರು ಅವಳ ಕೋಣೆಯ ಹಳೆಯ ಕಂಪ್ಯೂಟರಿನ ಮುಂದೆ ಕೂತರು. ಇರಬಹುದು, ಬೇರೆ ಯಾರೋ ಲೆಕ್ಕ ಹಾಕಿದಾಗಲೂ ಐದೂಕಾಲೇ ಬಂದಿರಬಹುದು ಅಂತ ಒಂದು ಆಸೆ. ಮಗಳು ತೋರಿಸಿದ ಪುಟದ ತುದಿಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಮೂಲ ಕೊಟ್ಟಿದ್ದರು. ಅದನ್ನು ಒತ್ತಿದರೆ ಇನ್ನೊಂದು ಪುಟ. ಅಲ್ಲಿ "ತಜ್ಞರ ಪ್ರಕಾರ" ಅಂತಿತ್ತು. ತಜ್ಞರು ಯಾರು ಅಂತ ಒತ್ತಿದರೆ ಮೂರನೇ ಪುಟ, ಅದು ತಿರುಗಿ ಮೊದಲನೇ ಪುಟದ ಕಡೆಗೇ ಕೈ ತೋರಿಸಿತು. ಅವನನ್ನು ಕೇಳಿದರೆ ಇವನು ಹೇಳಿದ ಅಂತಾನೆ, ಇವನನ್ನು ಕೇಳಿದರೆ ಅವನು ಹೇಳಿದ ಅಂತಾನೆ. ಒಂದು ಕಡೆ ಇದೇ ಐದೂಕಾಲು "ಈ ವರ್ಷದ ಹೊಸ ಸಮೀಕ್ಷೆ" ಅಂತ ಬಣ್ಣ ಬಳಿದುಕೊಂಡು ನಿಂತಿತ್ತು. ಇನ್ನೊಂದು ಕಡೆ ಯಾರೋ ದೊಡ್ಡ ಮನಸ್ಸು ಮಾಡಿ ಆರು ಮಾಡಿದ್ದರು.

ಗೆರೆ ತೆಂಗಿನಮರ ಹತ್ತಿದ ಗುಟ್ಟೂ ಗೊತ್ತಾಯಿತು. ಪ್ರತಿವರ್ಷ ಜಗತ್ತಿನಲ್ಲಿ ಎಷ್ಟು ಕಂಪ್ಯೂಟರ್ ಮಾರಾಟವಾಯಿತೋ ಅದನ್ನು ಐದೂಕಾಲಿನಿಂದ ಗುಣಿಸಿಬಿಡುವುದು, ಬಂದದ್ದನ್ನು ಹಿಂದಿನ ವರ್ಷದ್ದಕ್ಕೆ ಕೂಡಿಸಿಬಿಡುವುದು. ಯಾವುದೋ ಆಫೀಸಿನಲ್ಲಿ ಗುಮಾಸ್ತೆಯೊಬ್ಬಳು ಪತ್ರ ಹೊಡೆಯಲು ಒಂದು ಕಂಪ್ಯೂಟರ್ ತರಿಸಿಕೊಂಡರೂ ಅದರ ಹಿಂದೆ ಐದೂಕಾಲು ಜನ ಆಟಗಾರರು ಬಂದು ನಿಲ್ಲುತ್ತಿದ್ದರು. ಮಷಿನ್ನು ಮೂಲೆಗೆ ಬಿದ್ದರೂ ಅವರು ಮನೆಗೆ ಹೋಗುತ್ತಿರಲಿಲ್ಲ.

ಹನ್ನೊಂದು ಇಪ್ಪತ್ತಕ್ಕೆ ಮೂಲ ಸಿಕ್ಕಿತು. ಯಾರೋ ಪುಣ್ಯಾತ್ಮ ಹಳೆಯ ಪುಸ್ತಿಕೆಯನ್ನು ಸ್ಕ್ಯಾನ್ ಮಾಡಿ ಹಾಕಿದ್ದ. ಓರೆಯಾಗಿ ಬಂದ ಹದಿನಾಲ್ಕನೇ ಪುಟದ ಕೆಳಗೆ ಒಂದು ಸಾಲು: ಹಾಜರಿ ದಾಖಲೆ ಲಭ್ಯವಿದ್ದ ಕೇಂದ್ರ ಒಂದು, ಯಂತ್ರಗಳು ಎಂಟು. ಅಷ್ಟೇ. ಪ್ರಪಂಚದಲ್ಲಿ ಲೆಕ್ಕ ಇಟ್ಟಿದ್ದವರು ಅವರೊಬ್ಬರೇ ಆದ್ದರಿಂದ ಪ್ರಪಂಚವೆಲ್ಲ ಅವರ ಕೋಣೆಯ ಹಾಗಿದೆ ಅಂತಾಗಿಬಿಟ್ಟಿತ್ತು.

ಮಾಡಿದ್ದುಣ್ಣೋ ಮಹರಾಯ ಅಂದುಕೊಂಡರು ಮೇಷ್ಟ್ರು. ಉಣ್ಣುವವರು ತಾವಾಗಿದ್ದರೆ ಚಿಂತೆ ಇರಲಿಲ್ಲ, ಎಲೆಯ ಮುಂದೆ ಕೂತವಳು ಮಗಳು. ಸಂಜೆ ಅವಳು ಬಂದ ಕೂಡಲೇ ಹೇಳಿಬಿಡಬೇಕು ಅಂತ ನಿಶ್ಚಯ ಮಾಡಿಕೊಂಡು ಎದ್ದರು. ಕಾಲು ತಾನಾಗಿಯೇ ಕೆಳಗಿನ ಕೋಣೆಗೆ ಇಳಿಸಿತು. ಅಲ್ಲಿಗೆ ಹೋದದ್ದೇ ತಪ್ಪಾಯಿತು.

ಏನು ದಿನಗಳು ಅವು! ಎಂಟು ಕುರ್ಚಿಯ ಮೇಲೆ ಎಂಟು ಜನ, ಅವರ ಹಿಂದೆ ದಂಡು. ಎದುರು ಬೀದಿಯ ಕ್ಷೌರದವನು ಗಿರಾಕಿಗೆ ಸೋಪು ಹಚ್ಚಿಟ್ಟು, "ನೆನೀಲಿ, ಬಂದೆ" ಅಂದು ಬಾಚಣಿಗೆ ಕಿವಿಗೆ ಸಿಕ್ಕಿಸಿಕೊಂಡು ಓಡಿಬರುತ್ತಿದ್ದ. ಸೋಪು ಒಣಗಿದ ಗಿರಾಕಿ ಅವನನ್ನು ಹುಡುಕಿಕೊಂಡು ಬಂದು ಅವನ ಪಕ್ಕದಲ್ಲೇ ನಿಲ್ಲುತ್ತಿದ್ದ. ಇಬ್ಬರಿಗೂ ಗೀಟು. ಅಂಚೆಯವನು ಸೈಕಲ್ಲಿನಿಂದ ಇಳಿಯದೆ ಕಿಟಕಿಯಲ್ಲಿ ಇಣುಕುತ್ತಿದ್ದ. ಹೊಸ್ತಿಲು ದಾಟದ ಕಾರಣ ಅವನಿಗೆ ಗೀಟಿಲ್ಲ, ಮೇಷ್ಟ್ರು ಅಷ್ಟು ಕಟ್ಟುನಿಟ್ಟು. ಗಾಡಿ ಓಡಿಸುವ ಆಟದಲ್ಲಿ ತಿರುವು ಬಂದರೆ ಕೋಣೆಗೆ ಕೋಣೆಯೇ ಒಂದು ಪಕ್ಕಕ್ಕೆ ವಾಲುತ್ತಿತ್ತು. ಮೌಸು ಒಬ್ಬನ ಕೈಯಲ್ಲಿ, ಬುದ್ಧಿ ಐವರದ್ದು. "ಹೊಡಿ! ಬಿಡು! ಅಯ್ಯೋ ನಿನ್ನ, ಹಿಂದೆ ನೋಡೋ!" ಸೋತವನು ಒಬ್ಬನೇ ಸೋಲುತ್ತಿರಲಿಲ್ಲ, ಅವನ ಹಿಂದಿನವರೆಲ್ಲ ಸೋತು ಉಸ್ಸಪ್ಪ ಅನ್ನುತ್ತಿದ್ದರು. ಊಟಕ್ಕೆ ಕರೆಯಲು ಇಳಿದುಬಂದ ಹೆಂಡತಿ ಸೌಟು ಹಿಡಿದುಕೊಂಡೇ ಅರ್ಧ ಗಂಟೆ ನಿಂತು, ಒಲೆಯ ಮೇಲಿಟ್ಟದ್ದನ್ನು ಸೀಯಿಸಿದ್ದೂ ಉಂಟು. ಸ್ಕೂಲಿನಿಂದ ಬಂದ ಮಗಳು ಬ್ಯಾಗು ಇಳಿಸದೆ ಮೂರನೇ ಮಷಿನ್ನಿನ ಹಿಂದೆ ಕತ್ತು ಚಾಚಿ ನಿಲ್ಲುತ್ತಿದ್ದಳು. ಅವಳಿಗೂ ದಿನಾ ಒಂದು ಗೀಟು, ಆರು ವರ್ಷ ತಪ್ಪಿಸಿದವಳಲ್ಲ.

ಇವರೆಲ್ಲ ಆಡಲಿಲ್ಲ ಅಂತ ಯಾವ ಬಾಯಲ್ಲಿ ಹೇಳುವುದು? ಮೇಷ್ಟ್ರಿಗೆ ನಿಜವಾಗಿಯೂ ಅನ್ನಿಸಿತು: ನಿಂತವರೂ ಆಡಿದವರೇ. ಹಾಗಾದರೆ ತಮ್ಮ ಲೆಕ್ಕ ತಪ್ಪಲ್ಲ. ತಪ್ಪಲ್ಲದ ಮೇಲೆ ಮಗಳಿಗೆ ಹೇಳುವಂಥದ್ದೂ ಏನಿಲ್ಲ. ಬಾಗಿಲು ತೆಗೆದರೆ ಜನ ಬಂದರೂ ಬಂದಾರು. ತಾವು ಬಾಗಿಲ ಬಳಿ ಕೂರಬಹುದು. ಯಾರಾದರೂ ಒಳಗೆ ಬರುತ್ತ "ಮೇಷ್ಟ್ರೇ" ಅನ್ನಬಹುದು. ಹತ್ತು ವರ್ಷವಾಯಿತು, ಯಾರೂ ಅವರನ್ನು ಹಾಗೆ ಕರೆದಿರಲಿಲ್ಲ. ಆ ಕೋಣೆ ಅವರಿಗೆ ಬೇಕಾಗಿತ್ತು, ಹಸಿದವನಿಗೆ ಊಟ ಬೇಕಾದ ಹಾಗೆ ಬೇಕಾಗಿತ್ತು. ಸಂಜೆ ಮಗಳು ಬಂದಳು, ಮೇಷ್ಟ್ರು ಬಾಯಿ ಬಿಡಲಿಲ್ಲ.

ಮಂಗಳವಾರ ಅವಳು ಅಳತೆ ಟೇಪು, ಸೀಮೆಸುಣ್ಣ ಹಿಡಿದುಕೊಂಡು ಕೆಳಗಿಳಿದಳು. ನೆಲದ ಮೇಲೆ ಎಂಟು ಚೌಕ ಬರೆದಳು. ಗೋಡೆಯ ಉದ್ದಕ್ಕೂ ಬೆಂಚು ಗುರುತು ಹಾಕಿದಳು.

"ಇದು ಕಾಯೋರಿಗೆ" ಅಂದಳು. "ಸರದಿ ಬರೋವರೆಗೆ ಇಲ್ಲಿ ಕೂರಲಿ."

"ಮತ್ತೆ ಹಿಂದೆ ನಿಲ್ಲೋರಿಗೆ?"

"ಹಿಂದೆ ಯಾಕೆ ನಿಲ್ತಾರಪ್ಪ? ಈಗೆಲ್ಲ ಯಾರೂ ಹಿಂದೆ ನಿಲ್ಲೋದನ್ನ ಇಷ್ಟಪಡಲ್ಲ. ನಲವತ್ತೆರಡು ಜನಾನೂ ಆಡೋಕೇ ಬರೋದು."

ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿಗೆ ಅಷ್ಟು ಸಾಕಾಯಿತು. ಮಗಳು ಮೇಲೆ ಹೋದ ಮೇಲೆ ಹತ್ತಿರ ಬಂದರು.

"ಏನ್ರೀ, ಎರಡು ದಿನದಿಂದ ಇಂಗು ತಿಂದ ಮಂಗನ ಹಾಗಿದ್ದೀರಿ?"

"ಏನಿಲ್ಲ ಕಣೇ. ಗಾಳಿ..."

"ಗಾಳಿಯೂ ಇಲ್ಲ ಧೂಳೂ ಇಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ್ರೆ ಪಕ್ಕದಲ್ಲಿರೋಳಿಗೆ ಕಾಣಲ್ವಾ?"

ಮೇಷ್ಟ್ರು ಎಲ್ಲ ಹೇಳಿದರು. ಸರ್ವೆ ಹುಡುಗಿ, ಗೀಟು, ಪುಸ್ತಿಕೆ, ಹದಿನಾಲ್ಕನೇ ಪುಟ. ಹೆಂಡತಿ ಮೊದಲು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ಸೌಟು ಹಿಡ್ಕೊಂಡು ನಿಂತ ನಾನೂ ಜಗತ್ತಿನ ಲೆಕ್ಕದಲ್ಲಿ ಇದ್ದೀನಾ?" ಆಮೇಲೆ ನಗು ನಿಂತಿತು. "ಅವಳಿಗೆ ಹೇಳಿದ್ರಾ?"

"ಹೇಳ್ತೀನಿ."

"ಯಾವಾಗ? ಕಾಗದ ಕೊಟ್ಟ ಮೇಲಾ? ಹನ್ನೊಂದು ವರ್ಷದ ಕೆಲಸ ರೀ ಅದು. ನಿಮ್ಮ ಸ್ಟೂಲಿಗೋಸ್ಕರ ಅವಳ ಕುರ್ಚಿ ಕಿತ್ತುಕೊಳ್ತೀರಾ?"

ಮೇಷ್ಟ್ರಿಗೆ ಸಿಟ್ಟು ಬಂತು. ನಿಜ ಹೇಳಿದವರ ಮೇಲೆ ಬರುವ ಸಿಟ್ಟು. ಬೆಳಿಗ್ಗೆ ಹೇಳುತ್ತೇನೆ ಅಂದು ಎದ್ದುಹೋದರು.

ಬೆಳಿಗ್ಗೆ ಎದ್ದಾಗ ಮಗಳ ಚಪ್ಪಲಿ ಇರಲಿಲ್ಲ. ಕಾಗದ ಕೊಡುವ ದಿನವೆಂದು ಅರ್ಧ ಗಂಟೆ ಮುಂಚೆಯೇ ಹೊರಟಿದ್ದಳು. ಮೇಷ್ಟ್ರು ಫೋನು ಮಾಡಿದರು, ಎತ್ತಲಿಲ್ಲ. ಲ್ಯಾಬಿನೊಳಗೆ ಫೋನು ಒಯ್ಯುವ ಹಾಗಿಲ್ಲ ಅಂತ ಅವರಿಗೂ ಗೊತ್ತು. ಕಾಫಿ ಬಿಟ್ಟು, ಅಂಗಿಯ ಗುಂಡಿ ದಾರಿಯಲ್ಲೇ ಹಾಕಿಕೊಳ್ಳುತ್ತ ಬಸ್ಸು ಹತ್ತಿದರು. ಆಸ್ಪತ್ರೆ ಮುಟ್ಟಿದಾಗ ಒಂಬತ್ತು ನಲವತ್ತೆರಡು.

ಲ್ಯಾಬಿನ ಮುಂದೆ ಗಾಜಿನ ಕಿಟಕಿ, ಅದರ ಮುಂದೆ ಸಾಲು. ಹನ್ನೊಂದು ವರ್ಷದಲ್ಲಿ ಮಗಳು ಕೆಲಸ ಮಾಡುವುದನ್ನು ಮೇಷ್ಟ್ರು ಒಮ್ಮೆಯೂ ನೋಡಿರಲಿಲ್ಲ. ಬಿಳಿ ಕೋಟು ಹಾಕಿಕೊಂಡು ಸೂಕ್ಷ್ಮದರ್ಶಕದ ಮೇಲೆ ಬಾಗಿದ್ದಳು. ಎಡಗೈಯ ಹೆಬ್ಬೆರಳಿನಲ್ಲಿ ಒಂದು ಪುಟ್ಟ ಯಂತ್ರವನ್ನು ಟಕ್ ಟಕ್ ಅಂತ ಒತ್ತುತ್ತ, ಒಂದೊಂದೇ ಕಣ ಎಣಿಸುತ್ತಿದ್ದಳು. ಅಷ್ಟರಲ್ಲಿ ನರ್ಸ್ ಒಬ್ಬಳು ಕಿಟಕಿಯಲ್ಲಿ ರಕ್ತದ ನಳಿಗೆ ಚಾಚಿದಳು. ಮಗಳು ಅದನ್ನು ಬೆಳಕಿಗೆ ಹಿಡಿದು ವಾಲಿಸಿ ನೋಡಿ ವಾಪಸು ಕೊಟ್ಟಳು.

"ಹೆಪ್ಪುಗಟ್ಟಿದೆ. ಇನ್ನೊಂದು ತೆಗೆದು ಕಳಿಸಿ."

"ಡಾಕ್ಟರ್ ಕಾಯ್ತಿದ್ದಾರೆ ಮೇಡಂ. ಅಂದಾಜಿಗೆ ಏನಾದ್ರೂ ಬರೆದುಕೊಡಿ."

"ಅಂದಾಜು ಬರೆಯೋಕೆ ನಾನ್ಯಾಕೆ ಬೇಕು?"

ಮೇಷ್ಟ್ರಿಗೆ ಕಣ್ಣು ತುಂಬಿತು. ಇವಳನ್ನು ಈ ಕುರ್ಚಿಯಿಂದ ಎಬ್ಬಿಸಲು ಹೊರಟಿದ್ದೆನಲ್ಲ ಅಂತ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಸಾಲಿನವರನ್ನೆಲ್ಲ ದಾಟಿ ಕಿಟಕಿಗೆ ಬಂದರು. ಹಿಂದಿನಿಂದ ಯಾರೋ "ಅಜ್ಜ, ಸಾಲು!" ಅಂದರು. ಸಾಲು ಮುರಿದದ್ದೂ ಜೀವನದಲ್ಲಿ ಅದೇ ಮೊದಲು.

"ಅಪ್ಪ! ಏನಾಯ್ತು? ಅಮ್ಮ ಚೆನ್ನಾಗಿದ್ದಾರೆ ತಾನೆ?"

"ಎಲ್ಲ ಚೆನ್ನಾಗಿದ್ದಾರೆ. ಕಾಗದ ಕೊಟ್ಯಾ?"

"ಆಗಲೇ ಕೊಟ್ಟೆ. ಒಂಬತ್ತಕ್ಕೆ."

ಮೇಷ್ಟ್ರು ಕಿಟಕಿಯ ಕಟ್ಟೆ ಹಿಡಿದುಕೊಂಡರು. ಮಗಳು ಕೈಗವಸು ಕಳಚಿ ಹೊರಗೆ ಬಂದು ಅವರನ್ನು ಬೆಂಚಿನ ಮೇಲೆ ಕೂರಿಸಿದಳು. ಅವರು ಉಸಿರು ತೆಗೆದುಕೊಳ್ಳದೆ ಹೇಳಿದರು. ಆ ಐದೂಕಾಲು ಜಗತ್ತಿನದ್ದಲ್ಲ, ನಮ್ಮ ಮನೆಯದ್ದು. ನಿಂತವರನ್ನೂ ಸೇರಿಸಿ ಬರೆದದ್ದು. ಕೂತು ಆಡಿದವರು ಎಂಟೇ ಜನ, ಮಧ್ಯೆ ಬದಲಾದವರನ್ನು ಸೇರಿಸಿದರೆ ದಿನಕ್ಕೆ ಹತ್ತೋ ಹನ್ನೆರಡೋ. ಆ ಗೆರೆಯನ್ನು ನಂಬಬೇಡ.

ಮಗಳು ಕಳಚಿದ ಕೈಗವಸುಗಳನ್ನು ಒಂದರೊಳಗೊಂದು ಮಡಿಸಿದಳು.

"ಯಾವತ್ತಿಂದ ಗೊತ್ತು ನಿಮಗೆ?"

"ಭಾನುವಾರ ಅನುಮಾನ ಬಂತು. ಸೋಮವಾರ ಹನ್ನೊಂದು ಇಪ್ಪತ್ತಕ್ಕೆ ಖಾತ್ರಿಯಾಯ್ತು."

"ಮತ್ತೆ ನಿನ್ನೆ ನಾನು ನೆಲ ಅಳೀತಿದ್ದಾಗ?"

"ಗೊತ್ತಿತ್ತು. ಹೇಳಲಿಲ್ಲ. ಆ ರೂಮು ಮತ್ತೆ ತೆಗೀಬೇಕು ಅಂತ ನನಗೆ ಆಸೆ ಇತ್ತು ಪುಟ್ಟಿ. ನಿನ್ನ ಕೆಲಸ ಹೋದ್ರೂ ಪರವಾಗಿಲ್ಲ ಅನ್ನೋವಷ್ಟು ಆಸೆ. ಅದೇ ನಿಜ. ತಪ್ಪಾಯ್ತು."

ಬೈಯುತ್ತಾಳೆ ಅಂದುಕೊಂಡರು. ಅವಳು ಬೈಯಲಿಲ್ಲ.

"ನಾನೂ ಒಂದು ಹೇಳ್ಲಾ? ದಿನಾ ಎಣಿಸೋ ಕೆಲಸದವಳು ನಾನು. ಒಂದೇ ಅಂಕಿ ಐದು ಕಡೆ ಕಂಡ್ರೆ ಮೂಲ ಎಲ್ಲಿ ಅಂತ ಹುಡುಕದೆ ಬಿಡ್ತೀನಾ? ಬೇಕು ಅಂತಾನೇ ಹುಡುಕಲಿಲ್ಲ. ಆ ಗೆರೆ ನೋಡಿ ಕೆಲಸ ಬಿಟ್ಟಿದ್ದಲ್ಲಪ್ಪ. ನೀವು ದಿನಾ ಹೋಗಿ ಆ ಖಾಲಿ ರೂಮಲ್ಲಿ ಕೂರೋದನ್ನ ನೋಡಿ ಬಿಡೋಣ ಅಂದ್ಕೊಂಡಿದ್ದು. ಗೆರೆ ಹುಡುಕಿದ್ದು ಆಮೇಲೆ. ಸುಮ್ನೆ ಬಿಡ್ತೀನಿ ಅಂದ್ರೆ ನೀವು ಒಪ್ಪಲ್ಲ, ಲೆಕ್ಕ ತೋರಿಸಿದ್ರೆ ಒಪ್ತೀರಿ ಅಂತ."

ಮೇಷ್ಟ್ರಿಗಾಗಿ ಅವಳು ಸುಳ್ಳು ಲೆಕ್ಕವನ್ನು ನಂಬಿದ ಹಾಗೆ ನಟಿಸಿದ್ದಳು. ಅದು ಸುಳ್ಳು ಅಂತ ಗೊತ್ತಿದ್ದ ಅವರು ಅವಳನ್ನು ನಂಬಲು ಬಿಟ್ಟಿದ್ದರು.

"ಕಾಗದ ವಾಪಸ್ ತಗೋ" ಅಂದರು. "ನನಗೆ ಆ ರೂಮು ಬೇಕು. ಬೇಡ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಇದನ್ನ ಕೊಟ್ಟು ಬೇಡ. ನಿನ್ನ ಕೆಲಸ ಇವತ್ತು ನೋಡಿದೆ."

ಅವಳು ಎದ್ದು ಒಳಗೆ ಹೋದಳು. ಲ್ಯಾಬು ನೋಡಿಕೊಳ್ಳುವ ಹಿರಿಯ ಡಾಕ್ಟರಮ್ಮನ ಕೋಣೆಯ ಬಾಗಿಲು ಮುಚ್ಚಿತು. ಗೋಡೆ ಗಡಿಯಾರದಲ್ಲಿ ಒಂಬತ್ತು ನಿಮಿಷ ಕಳೆಯಿತು, ಮೇಷ್ಟ್ರು ಒಂದೊಂದನ್ನೂ ಎಣಿಸಿದರು. ಕೊಟ್ಟ ಕಾಗದ ಕೊಟ್ಟಂತೆಯೇ ಅಂದುಬಿಟ್ಟರೆ? ಬಾಗಿಲು ತೆರೆಯಿತು. ಮಗಳು ಮಡಿಸಿದ ಕಾಗದವನ್ನು ಕೋಟಿನ ಜೇಬಿಗೆ ತುರುಕುತ್ತ ಬಂದಳು.

"ಕೊಟ್ರು. ಚೆನ್ನಾಗಿ ಉಗಿದ್ರು, ಆದ್ರೆ ಕೊಟ್ರು. ಪಟ್ಟಿ ಇನ್ನೂ ಹಾಕಿರಲಿಲ್ಲ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಗೇಟಿನವರೆಗೆ ಬಿಡಲು ಅವಳು ಜೊತೆಗೆ ಹೊರಟಳು. ಗಂಡಾಂತರ ಕಳೆದ ಮೇಲೆ ಮೇಷ್ಟ್ರ ಹಳೆಯ ಹಟ ಮೆಲ್ಲಗೆ ತಲೆ ಎತ್ತಿತು.

"ಆದ್ರೂ ಒಂದು ಮಾತು ಪುಟ್ಟಿ. ನಾನು ಬರೆದದ್ದು ಪೂರ್ತಿ ತಪ್ಪಲ್ಲ. ಹಿಂದೆ ನಿಂತವರೂ ಆಡಿದವರೇ. ಬೇಕಾದ್ರೆ ಅಮ್ಮನ್ನ ಕೇಳು."

ಮಗಳು ನಡೆಯುವುದನ್ನು ನಿಲ್ಲಿಸಿದಳು.

"ಅಪ್ಪ, ನಾನು ಆರು ವರ್ಷ ಹಿಂದೆ ನಿಂತಿದ್ದೆ. ನಾನು ಆಡಲಿಲ್ಲ. ಒಂದು ದಿನಾನೂ ಆಡಲಿಲ್ಲ."

"ಹೋಗೇ. ನಮ್ಮದೇ ಸೆಂಟರ್ರು, ನೀನು ಆಡದೇ ಇರ್ತೀಯಾ?"

"ಇಲ್ಲಪ್ಪ. ನಿಜವಾಗ್ಲೂ ಇಲ್ಲ."

"ಕೇಳಬೇಕಿತ್ತು ಕಣೇ!"

"ಕೇಳಿದ್ದೆ. 'ಗಿರಾಕಿ ಆಡ್ಲಿ, ಮನೆಯವರು ಆಮೇಲೆ' ಅಂದಿದ್ರಿ. ಎಷ್ಟು ಸಲ ಕೇಳಿದ್ರೂ ಅದೇ ಅಂದ್ರಿ. ಆಮೇಲೆ ಕೇಳೋದು ಬಿಟ್ಟೆ. ಆಮೇಲೆ ಸೆಂಟರ್ರೂ ಮುಚ್ಚಿತು."

ಅವಳ ದನಿಯಲ್ಲಿ ದೂರು ಇರಲಿಲ್ಲ, ಪರೀಕ್ಷೆಯ ಫಲಿತಾಂಶ ಓದುವ ಹಾಗೆ ಹೇಳಿದಳು. ಮೇಷ್ಟ್ರ ಕಣ್ಣ ಮುಂದೆ ಮೂರನೇ ಮಷಿನ್ನಿನ ಹಿಂದೆ ಬ್ಯಾಗು ಹೊತ್ತು ನಿಂತ ಹುಡುಗಿ ಬಂದಳು. ಇಷ್ಟು ವರ್ಷ ಆ ಚಿತ್ರ ನೆನೆದಾಗೆಲ್ಲ ಅವರಿಗೆ ಖುಷಿಯಾಗುತ್ತಿತ್ತು. ಅವಳ ಮುಖದಲ್ಲಿ ಇದ್ದದ್ದು ಆಟದ ಸಂತೋಷ ಅಂದುಕೊಂಡಿದ್ದರು. ಕಾಯುತ್ತಿದ್ದಳು ಅನ್ನುವುದು ಇವತ್ತು ತಿಳಿಯಿತು. ಜಗತ್ತೆಲ್ಲ ತಪ್ಪು ಲೆಕ್ಕ ಬರೆದುಕೊಂಡದ್ದು ಅವರಿಗೆ ಇಷ್ಟು ನೋಯಲಿಲ್ಲ.

ಗೇಟಿನ ಬಳಿ ಇಬ್ಬರೂ ನಿಂತರು. ಬಸ್ಸೊಂದು ಬಂದು ಹೋಯಿತು, ಮೇಷ್ಟ್ರು ಹತ್ತಲಿಲ್ಲ.

"ನಿನಗೆ ಡ್ಯೂಟಿ ಎಷ್ಟಕ್ಕೆ ಮುಗಿಯುತ್ತೆ?"

"ನಾಲ್ಕಕ್ಕೆ. ಯಾಕೆ?"

"ನಿನ್ನ ಹಳೇ ಕಂಪ್ಯೂಟರ್ ಕೆಳಗೆ ಇಳಿಸಿಟ್ಟಿರ್ತೀನಿ. ಒಂದೇ ಮಷಿನ್ನು. ಒಂದೇ ಕುರ್ಚಿ."

ಮಗಳಿಗೆ ನಗು ಬಂತು, ನಗುವಿನ ಜೊತೆಗೇ ಮೂಗು ಕೆಂಪಾಯಿತು. ಬೇರೆ ಕಡೆ ನೋಡುತ್ತ, "ನನಗೆ ಆಡೋಕೆ ಬರಲ್ಲ ಈಗ" ಅಂದಳು.

"ಬರದಿದ್ರೆ ಸೋಲು. ನಾನು ಹಿಂದೆ ನಿಂತಿರ್ತೀನಿ."

ಅವಳು ಒಳಗೆ ಓಡಿದಳು, ಸಾಲಿನಲ್ಲಿ ಜನ ಕಾಯುತ್ತಿದ್ದರು. ಮೇಷ್ಟ್ರು ಮುಂದಿನ ಬಸ್ಸಿಗೂ ಕಾಯದೆ ನಡೆದೇ ಹೊರಟರು. ಮನೆಗೆ ಮೂರು ಕಿಲೋಮೀಟರು. ಕಂಪ್ಯೂಟರನ್ನು ಮೆಟ್ಟಿಲಲ್ಲಿ ಒಬ್ಬರೇ ಇಳಿಸಲಾಗುವುದಿಲ್ಲ, ಹೆಂಡತಿ ಒಂದು ಕಡೆ ಹಿಡಿದುಕೊಳ್ಳಬೇಕಾಗುತ್ತದೆ, ಬೈಸಿಕೊಳ್ಳಬೇಕಾಗುತ್ತದೆ.